ಕರಾರಿನಲ್ಲಿ ಬರೆದ ಆದರ್ಶ: ಬೆಂಜಮಿನ್ ಫ್ರಾಂಕ್ಲಿನ್‌ನ ಬದುಕು, ಬರಹ, ರಾಜಕಾರಣ

1751ರ ಹೊತ್ತಿಗೆ, ಅಮೆರಿಕ ಇನ್ನೂ ಬ್ರಿಟಿಷ್ ವಸಾಹತುಗಳಾಗಿದ್ದಾಗ, ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾ ಪಟ್ಟಣದ ವೈದ್ಯ ಥಾಮಸ್ ಬಾಂಡ್ ಬಡ ರೋಗಿಗಳಿಗೊಂದು ಆಸ್ಪತ್ರೆ ಕಟ್ಟಿಸಬೇಕೆಂದು ಊರೆಲ್ಲ ತಿರುಗಿ ಚಂದಾ ಕೇಳುತ್ತಿದ್ದ. ಹೋದಲ್ಲೆಲ್ಲ ಅವನಿಗೆ ಎದುರಾದದ್ದು ಒಂದೇ ಪ್ರಶ್ನೆ: ಫ್ರಾಂಕ್ಲಿನ್ ಹತ್ತಿರ ಮಾತಾಡಿದ್ದೀರಾ, ಅವರೇನಂದರು? ಕೊನೆಗೆ ಬಾಂಡ್ ಫ್ರಾಂಕ್ಲಿನ್ನನ ಬಾಗಿಲಿಗೇ ಬಂದ. ಫ್ರಾಂಕ್ಲಿನ್ ತಾನೂ ಚಂದಾ ಕೊಟ್ಟ, ತನ್ನ ಪತ್ರಿಕೆಯಲ್ಲಿ ಬರೆದ. ಸ್ವಲ್ಪ ದಿನ ಹಣ ಬಂತು, ಆಮೇಲೆ ಬತ್ತಿತು. ಆಗ ಅವನು ಶಾಸನಸಭೆಗೆ ಹೋದ. ಹಳ್ಳಿಗಾಡಿನ ಸದಸ್ಯರು ತಕರಾರು ತೆಗೆದರು: ಆಸ್ಪತ್ರೆಯಿಂದ ಲಾಭ ಪಟ್ಟಣದವರಿಗೆ ಮಾತ್ರ, ಖರ್ಚು ಅವರೇ ಹೊರಲಿ, ಅಷ್ಟಕ್ಕೂ ಪಟ್ಟಣದವರಿಗೇ ಇದು ಬೇಕಿದೆ ಅನ್ನುವುದಕ್ಕೆ ಏನು ಪುರಾವೆ?

ಫ್ರಾಂಕ್ಲಿನ್ ಭಾಷಣ ಮಾಡಲಿಲ್ಲ. ಮಸೂದೆಯಲ್ಲಿ ಒಂದು ಷರತ್ತು ಸೇರಿಸಿದ. ಚಂದಾದಾರರು ತಾವಾಗಿ 2,000 ಪೌಂಡ್ ಕೂಡಿಸಿ ತೋರಿಸಿದರೆ ಮಾತ್ರ ಸರ್ಕಾರದ ಖಜಾನೆಯಿಂದ ಇನ್ನೂ 2,000 ಪೌಂಡ್, ಎರಡು ವಾರ್ಷಿಕ ಕಂತಿನಲ್ಲಿ. ವಿರೋಧಿಗಳಿಗೆ ಇದು ಹಿಡಿಸಿತು. ಅಷ್ಟು ದೊಡ್ಡ ಮೊತ್ತ ಕೂಡುವುದೇ ಇಲ್ಲ, ಕಾಸು ಬಿಚ್ಚದೆ ಧರ್ಮಾತ್ಮರೆನ್ನಿಸಿಕೊಳ್ಳಬಹುದು ಅಂದುಕೊಂಡು ಒಪ್ಪಿಗೆ ಕೊಟ್ಟರು. ಫ್ರಾಂಕ್ಲಿನ್ ಅದೇ ಷರತ್ತನ್ನು ಹಿಡಿದು ಜನರ ಮುಂದೆ ಹೋದ: ನೀವು ಕೊಡುವ ಒಂದೊಂದು ಪೌಂಡೂ ಎರಡಾಗುತ್ತದೆ. ಮೊತ್ತ ಬೇಗನೆ ದಾಟಿತು. ಪೆನ್ಸಿಲ್ವೇನಿಯಾ ಆಸ್ಪತ್ರೆ ಇವತ್ತಿಗೂ ಇದೆ. ತನ್ನ ರಾಜಕೀಯ ಯುಕ್ತಿಗಳಲ್ಲಿ ಇಷ್ಟು ಖುಷಿ ಕೊಟ್ಟದ್ದು ಇನ್ನೊಂದಿಲ್ಲ, ಅದರಲ್ಲಿ ಬಳಸಿದ ಜಾಣತನಕ್ಕಾಗಿ ತನ್ನನ್ನು ತಾನು ಸುಲಭವಾಗಿಯೇ ಕ್ಷಮಿಸಿಕೊಂಡೆ ಎಂದು ಆತ್ಮಕಥೆಯಲ್ಲಿ ಅವನೇ ಬರೆದಿದ್ದಾನೆ. ದೊಡ್ಡ ಕೊಡುಗೆಗಳಿಗೆ ಇಷ್ಟೇ ಮೊತ್ತದ ಜೋಡಿ ಅನುದಾನ ಕೊಡುವ ಇಂದಿನ ಪದ್ಧತಿಯ ಬಹು ಹಳೆಯ ಮಾದರಿಗಳಲ್ಲಿ ಇದೂ ಒಂದು.

ಫ್ರಾಂಕ್ಲಿನ್ ಅಂದರೆ ಗಾಳಿಪಟ, ನೂರು ಡಾಲರ್ ನೋಟು, ಬೇಗ ಮಲಗಿ ಬೇಗ ಏಳು ಎಂಬ ಉಪದೇಶ. ನಮ್ಮ ಶಾಲಾ ಪುಸ್ತಕಗಳು ಅಲ್ಲಿಗೆ ನಿಲ್ಲುತ್ತವೆ. ಆದರೆ ಅವನು ಬರೆದದ್ದನ್ನೆಲ್ಲ ಹರಡಿ ನೋಡಿದರೆ ಎದ್ದು ಕಾಣುವುದು ಬೇರೆ. ಅವನ ಪ್ರತಿ ಆದರ್ಶಕ್ಕೂ ಒಂದು ದರ, ಒಂದು ಗಡುವು, ಒಂದು ದಂಡದ ಕಲಮು ಇರುತ್ತದೆ. ಒಳ್ಳೆಯದಾಗಲಿ ಎಂದು ಹಾರೈಸಿ ಸುಮ್ಮನಾಗುವವನಲ್ಲ, ಕರಾರು ಬರೆಯುವವನು. ಅವನ ಗೆಲುವೂ ಸೋಲೂ ಎರಡೂ ಆ ಕರಾರುಗಳಲ್ಲೇ ಇವೆ.

ಅವನ ಜೀವನ ಶುರುವಾದದ್ದೂ ಒಂದು ಕರಾರಿನಿಂದ. ಹುಟ್ಟಿದ್ದು 1706ರ ಜನವರಿ 17, ಬಾಸ್ಟನ್‌ನ ಮಿಲ್ಕ್ ಸ್ಟ್ರೀಟ್‌ನಲ್ಲಿ. ತಂದೆ ಜೋಸಯಾ, ಕೊಬ್ಬಿನಿಂದ ಮೇಣದಬತ್ತಿ ಮತ್ತು ಸಾಬೂನು ಮಾಡುವವನು. ಹದಿನೇಳು ಮಕ್ಕಳಲ್ಲಿ ಇವನು ಹದಿನೈದನೆಯವನು. ಶಾಲೆ ಎರಡೇ ವರ್ಷ. 12ನೇ ವಯಸ್ಸಿಗೆ ಅಣ್ಣ ಜೇಮ್ಸ್‌ನ ಅಚ್ಚುಕೂಟದಲ್ಲಿ, 21 ತುಂಬುವವರೆಗೆ ದುಡಿಯುವ ಬರವಣಿಗೆಯ ಒಪ್ಪಂದದ ಮೇಲೆ, ಕೆಲಸ ಕಲಿಯಲು ಸೇರಿದ.

ಅಲ್ಲಿ ಅಚ್ಚುಮೊಳೆ ಜೋಡಿಸುವುದರ ಜೊತೆಗೆ ಅವನು ಬರೆಯುವುದನ್ನು ಕಲಿತ ರೀತಿ ತುಸು ವಿವರವಾಗಿಯೇ ಹೇಳಬೇಕಾದದ್ದು. ಲಂಡನ್ನಿನ 'ಸ್ಪೆಕ್ಟೇಟರ್' ಪತ್ರಿಕೆಯ ಒಂದು ಸಂಪುಟ ಕೈಗೆ ಸಿಕ್ಕಿತ್ತು. ಅದರ ಒಂದು ಪ್ರಬಂಧ ತೆಗೆದುಕೊಂಡು ಪ್ರತಿ ವಾಕ್ಯದ ಭಾವಕ್ಕೆ ಎರಡು ಮೂರು ಪದದ ಟಿಪ್ಪಣಿ ಮಾಡುವುದು. ಕೆಲವು ದಿನ ಹಾಗೇ ಬಿಡುವುದು. ಆಮೇಲೆ ಪುಸ್ತಕ ಮುಚ್ಚಿಟ್ಟು, ಟಿಪ್ಪಣಿಯಿಂದಲೇ ಪ್ರಬಂಧವನ್ನು ಪೂರ್ತಿ ಬರೆದು ಮೂಲದ ಜೊತೆ ಹೋಲಿಸಿ ತಿದ್ದುವುದು. ಹೀಗೆ ಮಾಡಿದಾಗ ತನಗೆ ಪದಗಳು ಸಾಲುವುದಿಲ್ಲವೆಂದು ತಿಳಿಯಿತು. ಪದ್ಯ ಬರೆಯುವವನಿಗೆ ಒಂದೇ ಅರ್ಥದ, ಬೇರೆ ಬೇರೆ ಉದ್ದದ ಪದಗಳು ಬೇಕೇ ಬೇಕು. ಹಾಗಾಗಿ ಕಥೆಗಳನ್ನು ಪದ್ಯಕ್ಕೆ ತಿರುಗಿಸಿ, ಮರೆತ ಮೇಲೆ ಮತ್ತೆ ಗದ್ಯಕ್ಕೆ ತಂದ. ಮೂರನೆಯದು ವಿಷಯದ ಕ್ರಮ: ಟಿಪ್ಪಣಿಗಳನ್ನು ಬೇಕಂತಲೇ ಕಲಸಿ, ಕೆಲವು ವಾರ ಬಿಟ್ಟು, ಯಾವುದು ಮೊದಲು ಯಾವುದು ಆಮೇಲೆ ಎಂದು ಹೊಸದಾಗಿ ಜೋಡಿಸುವುದು. ಇವತ್ತಿನ ಯಾವ ಬರವಣಿಗೆ ಶಿಬಿರದಲ್ಲೂ ಇದಕ್ಕಿಂತ ಒಳ್ಳೆಯ ಪಾಠವಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಇದಕ್ಕೆ ಬೇಕಾದ್ದು ಒಂದು ಪುಸ್ತಕ, ಒಂದಷ್ಟು ಕಾಗದ, ಬಿಡುವಿನ ಭಾನುವಾರ.

1722ರಲ್ಲಿ, ಹದಿನಾರರ ಹುಡುಗ, ಸೈಲೆನ್ಸ್ ಡೂಗುಡ್ ಎಂಬ ನಡುವಯಸ್ಸಿನ ವಿಧವೆಯ ಹೆಸರಲ್ಲಿ ಹದಿನಾಲ್ಕು ಪತ್ರ ಬರೆದು, ರಾತ್ರಿ ಅಣ್ಣನ ಅಚ್ಚುಕೂಟದ ಬಾಗಿಲ ಸಂದಿಯಲ್ಲಿ ತೂರಿಸಿದ. ತಮ್ಮನದೆಂದು ತಿಳಿಯದೆ ಅಣ್ಣ ಅವನ್ನು ತನ್ನ ಪತ್ರಿಕೆಯಲ್ಲಿ ಅಚ್ಚು ಹಾಕಿದ. ಅಷ್ಟರಲ್ಲಿ ಸರ್ಕಾರವನ್ನು ಕೆಣಕಿದ್ದಕ್ಕೆ ಜೇಮ್ಸ್ ಜೈಲು ಕಂಡಿದ್ದ. ಮರುವರ್ಷ, ಅವನು ಈ ಪತ್ರಿಕೆ ಹೊರಡಿಸಕೂಡದು ಎಂಬ ಆಜ್ಞೆಯೂ ಬಂತು. ಉಪಾಯವೇನು? ಪತ್ರಿಕೆಗೆ ಬೆಂಜಮಿನ್‌ನ ಹೆಸರು ಹಾಕುವುದು. ಕೆಲಸ ಕಲಿಯುವ ಹುಡುಗನ ಹೆಸರು ಬರೀ ನೆಪ ಅನ್ನಬಾರದಲ್ಲ, ಅದಕ್ಕೆ ಹಳೆಯ ಒಪ್ಪಂದದ ಹಿಂಬದಿಯಲ್ಲಿ 'ಬಿಡುಗಡೆ ಮಾಡಿದ್ದೇನೆ' ಎಂದು ಬರೆದುಕೊಟ್ಟು, ಗುಟ್ಟಾಗಿ ಇನ್ನೊಂದು ಒಪ್ಪಂದ ಮಾಡಿಕೊಂಡರು. ಅಣ್ಣ ತಮ್ಮಂದಿರ ಜಗಳ ಮಿತಿಮೀರಿದಾಗ ಬೆಂಜಮಿನ್ ಹೊರಟೇಬಿಟ್ಟ. ಗುಟ್ಟಿನ ಕಾಗದವನ್ನು ಅಣ್ಣ ಯಾರಿಗೂ ತೋರಿಸಲಾರ ಎಂಬುದು ಅವನಿಗೆ ಗೊತ್ತಿತ್ತು. ಹಾಗೆ ಲಾಭ ಪಡೆದದ್ದು ತನ್ನ ಬಾಳಿನ ಮೊದಲ ಅಚ್ಚಿನ ತಪ್ಪುಗಳಲ್ಲೊಂದು ಎಂದು ಮುಂದೆ ಬರೆದ. ತಪ್ಪುಗಳಿಗೆ ಅವನು ಬಳಸುವ ಮಾತೇ ಅದು, ಮುದ್ರಕನ ಮಾತು.

1723ರ ಅಕ್ಟೋಬರಿನಲ್ಲಿ ಫಿಲಡೆಲ್ಫಿಯಾ ತಲುಪಿದ. ರಾಜ್ಯಪಾಲ ಕೀತ್ ಕೊಟ್ಟ ಪೊಳ್ಳು ಭರವಸೆ ನಂಬಿ ಲಂಡನ್ನಿಗೆ ಹೋಗಿ, ಅಲ್ಲಿನ ಅಚ್ಚುಕೂಟಗಳಲ್ಲಿ ದುಡಿದು, 1726ರಲ್ಲಿ ಮರಳಿದ. 1729ರಲ್ಲಿ 'ಪೆನ್ಸಿಲ್ವೇನಿಯಾ ಗೆಜೆಟ್' ಕೊಂಡ. ಅದೇ ವರ್ಷ ಕಾಗದದ ಹಣ ಬೇಕೆಂದು ಒಂದು ಕಿರುಹೊತ್ತಗೆ ಬರೆದ. ವಾದ ಗೆದ್ದಿತು, ನೋಟು ಅಚ್ಚು ಹಾಕುವ ಕೆಲಸವೂ ಅವನ ಕೈಗೇ ಬಂತು. ಸಾರ್ವಜನಿಕ ಹಿತ ಮತ್ತು ಸ್ವಂತ ಲಾಭ ಒಂದೇ ಗಾಡಿಯಲ್ಲಿ ಬಂದರೆ ಅವನಿಗೆ ಎಂದೂ ಮುಜುಗರವಾಗುತ್ತಿರಲಿಲ್ಲ. ಖೋಟಾ ನೋಟು ತಡೆಯಲು ಅವನು ಹೂಡಿದ ಉಪಾಯ ಚೆಂದದ್ದು: ನಿಜವಾದ ಎಲೆಯೊಂದನ್ನು ಅಚ್ಚೊತ್ತಿ, ಆ ಪಡಿಯಚ್ಚಿನಿಂದ ಲೋಹದ ಅಚ್ಚುಫಲಕ ಎರಕಹೊಯ್ದು, ನೋಟಿನ ಹಿಂಬದಿಗೆ ಮುದ್ರಿಸುವುದು. ಎಲೆಯ ನರಗಳು ಬುಡದಲ್ಲಿ ದಪ್ಪ, ತುದಿಗೆ ಹೋದಂತೆ ಕೂದಲೆಳೆ. ಆ ಏರಿಳಿತವನ್ನು ಕೈಯಲ್ಲಿ ಕೆತ್ತುವ ಖೋಟಾಗಾರನಿಗೆ ಅನುಕರಿಸಲಾಗದು.

ಇಷ್ಟರಲ್ಲಿ 1727ರಲ್ಲೇ 'ಜಂಟೊ' ಎಂಬ ಕೂಟ ಕಟ್ಟಿದ್ದ. ಹನ್ನೆರಡು ಜನ, ಶುಕ್ರವಾರ ಸಂಜೆ. ಪ್ರತಿಯೊಬ್ಬನೂ ಸರದಿಯ ಮೇಲೆ ಚರ್ಚೆಗೆ ಪ್ರಶ್ನೆ ತರಬೇಕು, ಮೂರು ತಿಂಗಳಿಗೊಮ್ಮೆ ಒಂದು ಪ್ರಬಂಧ ಓದಬೇಕು. 'ಖಂಡಿತ ಹೀಗೇ' ಎಂದು ಹಟ ಹಿಡಿದರೆ, ಮುಖಕ್ಕೆ ಹೊಡೆದಂತೆ ಎದುರಾಡಿದರೆ ಸಣ್ಣ ದಂಡ. ಈ ಕೂಟದಿಂದಲೇ 1731ರಲ್ಲಿ ಚಂದಾ ಗ್ರಂಥಾಲಯ ಹುಟ್ಟಿತು: ಐವತ್ತು ಜನ, ಸೇರುವಾಗ ತಲಾ 40 ಷಿಲ್ಲಿಂಗ್, ಆಮೇಲೆ ವರ್ಷಕ್ಕೆ 10 ಷಿಲ್ಲಿಂಗ್, ಅದೂ ಐವತ್ತು ವರ್ಷದ ಅವಧಿಗೆ. ಚಂದಾ ಎತ್ತುವಾಗ ಅವನೊಂದು ಸಂಗತಿ ಗಮನಿಸಿದ. 'ಇದು ನನ್ನ ಯೋಜನೆ' ಅಂದರೆ ಜನ ಹಿಂಜರಿಯುತ್ತಾರೆ. ನೆರೆಯವನು ತಮಗಿಂತ ಒಂದು ಗೇಣು ಮೇಲೇರುವುದಕ್ಕೆ ತಾವೇಕೆ ಏಣಿ ಹಿಡಿಯಬೇಕು? ಅಂದಿನಿಂದ 'ಕೆಲವು ಗೆಳೆಯರ ಯೋಜನೆ, ನನ್ನನ್ನು ಕಳಿಸಿದ್ದಾರೆ' ಅನ್ನತೊಡಗಿದ. ಇವತ್ತು ಊರಲ್ಲಿ ಸಂಘ ಕಟ್ಟಲು ಹೊರಟವರಿಗೂ ಈ ಮಾತು ತಟ್ಟನೆ ಅರ್ಥವಾದೀತು.

1736ರ ಬೆಂಕಿ ಆರಿಸುವ ಸಂಘಕ್ಕೂ ಇದೇ ಅಚ್ಚು. ಸದಸ್ಯರು ಮೂವತ್ತು. ಪ್ರತಿಯೊಬ್ಬನ ಮನೆಯಲ್ಲಿ ತೊಗಲಿನ ಬಕೆಟ್‌ಗಳು, ಸಾಮಾನು ತುಂಬಿ ಹೊರಗೆ ಸಾಗಿಸಲು ಗಟ್ಟಿ ಚೀಲ ಮತ್ತು ಬುಟ್ಟಿಗಳು ಸದಾ ಸಿದ್ಧವಿರಬೇಕು. ತಿಂಗಳಿಗೊಂದು ಸಭೆ, ತಪ್ಪಿಸಿದರೆ ದಂಡ, ದಂಡದ ಹಣದಲ್ಲಿ ನೀರೆರಚುವ ಯಂತ್ರ, ಏಣಿ, ಉರಿಯುವ ಮಾಡನ್ನು ಎಳೆದು ಕೆಡಹುವ ಕೊಕ್ಕೆ. ಮೂವತ್ತು ತುಂಬಿದ ಮೇಲೆ ಬಂದವರಿಗೆ 'ನೀವೇ ಇನ್ನೊಂದು ಸಂಘ ಮಾಡಿಕೊಳ್ಳಿ' ಅಂದರು, ಅವರೂ ಮಾಡಿಕೊಂಡರು. ಚೀಲ ಮತ್ತು ಬುಟ್ಟಿಗಳಲ್ಲೇ ಅವನ ಅನುಭವ ಕಾಣುತ್ತದೆ. ಬೆಂಕಿಯ ಜೊತೆಗೆ ಸಾಮಾನು ಹೊರಹಾಕುವ ಗದ್ದಲದಲ್ಲೂ ಹಾನಿ ಆಗುತ್ತಿತ್ತು.

ರಾತ್ರಿ ಪಹರೆಯ ವಿಷಯ ಇದಕ್ಕಿಂತ ರಾಜಕೀಯವಾದದ್ದು. ಪಹರೆಗೆ ಬರಲಾಗದ ಮನೆಯವರು ವರ್ಷಕ್ಕೆ ಆರು ಷಿಲ್ಲಿಂಗ್ ಕೊಟ್ಟು ವಿನಾಯಿತಿ ಪಡೆಯುತ್ತಿದ್ದರು. ಕಾನ್‌ಸ್ಟೇಬಲ್ ಆ ಹಣದಲ್ಲಿ ಒಂದಿಷ್ಟು ಹೆಂಡ ಕುಡಿಸಿ ಪುಂಡರನ್ನು ಕರೆತರುತ್ತಿದ್ದ, ಉಳಿದದ್ದು ಜೇಬಿಗೆ. ಫ್ರಾಂಕ್ಲಿನ್ ಎತ್ತಿದ ತಕರಾರು ಈ ಕಳ್ಳತನದ ಬಗ್ಗೆ ಮಾತ್ರ ಅಲ್ಲ, ದರದ ಬಗ್ಗೆ. ಐವತ್ತು ಪೌಂಡಿನ ಆಸ್ತಿಯೂ ಇಲ್ಲದ ಬಡ ವಿಧವೆಯೂ ಆರು ಷಿಲ್ಲಿಂಗ್, ಗೋದಾಮಿನಲ್ಲಿ ಸಾವಿರಾರು ಪೌಂಡಿನ ಸರಕಿಟ್ಟ ಸಾಹುಕಾರನೂ ಆರು ಷಿಲ್ಲಿಂಗ್. ಆಸ್ತಿಗೆ ತಕ್ಕ ತೆರಿಗೆ ಹಾಕಿ ಖಾಯಂ ಪಹರೆಯವರನ್ನು ನೇಮಿಸಿ ಎಂದ. ಕಾನೂನಾಗಲು ವರ್ಷಗಳು ಬೇಕಾದವು.

'ಪೂರ್ ರಿಚರ್ಡ್' ಪಂಚಾಂಗ 1733ರದ್ದರಿಂದ ಶುರುವಾಗಿ ಇಪ್ಪತ್ತೈದು ವರ್ಷ ನಡೆಯಿತು. ವರ್ಷಕ್ಕೆ ಸುಮಾರು ಹತ್ತು ಸಾವಿರ ಪ್ರತಿ ಖರ್ಚಾಗುತ್ತಿತ್ತು. ಬೇರೆ ಪುಸ್ತಕ ಕೊಳ್ಳದ ಮನೆಯೊಳಗೂ ಹೋಗುವ ಪುಸ್ತಕ ಇದೊಂದೇ ಎಂದು ಕಂಡು, ತಿಥಿ ವಾರಗಳ ನಡುವೆ ಉಳಿಯುವ ಸಣ್ಣ ಜಾಗಗಳಲ್ಲಿ ಗಾದೆ ತುಂಬಿದ. ಬಹುಪಾಲು ಗಾದೆ ಅವನ ಸ್ವಂತದ್ದಲ್ಲ, ಅದನ್ನು ಅವನು ಮುಚ್ಚಿಟ್ಟವನೂ ಅಲ್ಲ. 1758ರದಕ್ಕೆ ಬರೆದ ಮುನ್ನುಡಿಯಲ್ಲಿ ಒಬ್ಬ ಮುದುಕ ಹರಾಜಿನ ಮುಂದೆ ನಿಂತ ಜನಕ್ಕೆ ಈ ಗಾದೆಗಳನ್ನೆಲ್ಲ ಪೋಣಿಸಿ ಮಿತವ್ಯಯದ ಉಪದೇಶ ಮಾಡುತ್ತಾನೆ. ಜನ ತಲೆಯಾಡಿಸುತ್ತಾರೆ, ಹರಾಜು ಶುರುವಾದೊಡನೆ ಮುಗಿಬಿದ್ದು ಕೊಳ್ಳುತ್ತಾರೆ. ಫ್ರಾಂಕ್ಲಿನ್ನನನ್ನು ಜಿಪುಣತನದ ಪ್ರವಾದಿ ಎಂದು ಬೈಯುವವರು ಈ ಕೊನೆಯ ತಿರುವನ್ನು ಓದಿಯೇ ಇರುವುದಿಲ್ಲ.

ಆ ಪಂಚಾಂಗದಲ್ಲೇ, 1753ರ ಸಂಚಿಕೆಯಲ್ಲಿ, ಮನೆಗೆ ಸಿಡಿಲು ಬಡಿಯದಂತೆ ಕಾಯುವುದು ಹೇಗೆ ಎಂಬ ಲೇಖನವಿದೆ. ಲೆಕ್ಕ ಕೇಳಿ: ಮೊಳೆ ಮಾಡುವವರು ಬಳಸುವಂಥ ತೆಳು ಕಬ್ಬಿಣದ ಸರಳು. ಒಂದು ತುದಿ ಮೂರು ನಾಲ್ಕು ಅಡಿ ಒದ್ದೆ ನೆಲದೊಳಗೆ, ಇನ್ನೊಂದು ತುದಿ ಕಟ್ಟಡದ ಅತಿ ಎತ್ತರದ ಭಾಗಕ್ಕಿಂತ ಆರರಿಂದ ಎಂಟು ಅಡಿ ಮೇಲೆ. ಆ ಮೇಲ್ತುದಿಗೆ ಹೆಣಿಗೆ ಕಡ್ಡಿಯಷ್ಟು ದಪ್ಪದ, ಸುಮಾರು ಒಂದಡಿ ಉದ್ದದ ಹಿತ್ತಾಳೆ ತಂತಿ, ಮೊನಚಾಗಿ ಮಸೆದದ್ದು. ಗೋಡೆಗೆ ಸಣ್ಣ ಕೊಂಡಿ ಮೊಳೆಗಳಿಂದ ಬಿಗಿಯಬೇಕು. ಮನೆ ಉದ್ದವಾಗಿದ್ದರೆ ಎರಡು ತುದಿಗೂ ಒಂದೊಂದು ಸರಳು, ಮಾಡಿನ ನೆತ್ತಿಯುದ್ದಕ್ಕೂ ಎರಡನ್ನೂ ಸೇರಿಸುವ ತಂತಿ. ಇದಕ್ಕೆ ಅವನು ಹಕ್ಕುಪತ್ರ ಪಡೆಯಲಿಲ್ಲ, ಕಾಸಿನ ಬೆಲೆಯ ಪಂಚಾಂಗದಲ್ಲಿ ಊರಿಗೆಲ್ಲ ಕೊಟ್ಟ. 'ಒದ್ದೆ ನೆಲ' ಅನ್ನುವುದು ಇಲ್ಲಿ ಮುಖ್ಯ ಮಾತು. ಒಣ ಮಣ್ಣಿನಲ್ಲಿ ನಿಂತ ಸರಳಿಗೆ, ನಡುವೆ ತುಂಡಾದ ಸರಳಿಗೆ, ವಿದ್ಯುತ್ತನ್ನು ನೆಲಕ್ಕೆ ಇಳಿಸಿಬಿಡುವ ದಾರಿ ಇರುವುದಿಲ್ಲ. ಅದು ಪಕ್ಕದ ಗೋಡೆಗೋ ಮರಕ್ಕೋ ಜಿಗಿಯುತ್ತದೆ. ಮೊನಚು ತುದಿ ಮೋಡದ ವಿದ್ಯುತ್ತನ್ನು ಸದ್ದಿಲ್ಲದೆ ಹೀರಿ ಸಿಡಿಲನ್ನೇ ತಪ್ಪಿಸುತ್ತದೆ ಎಂಬುದು ಅವನ ಮೊದಲ ಆಸೆ. ಅದು ನಿಲ್ಲಲಿಲ್ಲ. ಬಡಿದ ಸಿಡಿಲನ್ನು ಸುರಕ್ಷಿತವಾಗಿ ನೆಲಕ್ಕೆ ಒಯ್ಯುತ್ತದೆ ಎಂಬ ಎರಡನೆಯ ವಾದ ನಿಂತಿತು.

ಒಲೆಯ ಕಥೆ ಇಷ್ಟು ಸುಖಾಂತವಲ್ಲ. 1744ರಲ್ಲಿ ಅವನು ವಿವರಿಸಿದ ಪೆನ್ಸಿಲ್ವೇನಿಯಾ ಒಲೆ ಕಬ್ಬಿಣದ ಫಲಕಗಳ ಪೆಟ್ಟಿಗೆ. ಬೆಂಕಿಯ ಹಿಂದೆ ಗಾಳಿ ಕಾಯುವ ಡಬ್ಬಿ. ಹೊಗೆ ಅದರ ಮೇಲೆ ಹತ್ತಿ, ಹಿಂದೆ ಇಳಿದು, ನೆಲದಡಿಯಿಂದ ಚಿಮಣಿಗೆ ಹೋಗಬೇಕು. ಶಾಖ ಉಳಿಯುತ್ತದೆ, ಸರಿ. ಆದರೆ ಹೊಗೆಯನ್ನು ಕೆಳಕ್ಕೆ ಇಳಿಸಬೇಕಾದರೆ ಚಿಮಣಿ ಮೊದಲೇ ಕಾದು ಎಳೆಯುತ್ತಿರಬೇಕು. ಬೆಂಕಿ ಸಣ್ಣದಾದರೆ ಎಳೆತ ನಿಲ್ಲುತ್ತದೆ, ಹೊಗೆ ಕೋಣೆಗೆ ತಿರುಗುತ್ತದೆ. ಮುಂದೆ ಒಲೆ ಮಾಡಿದವರು ಹೊಗೆಗೆ ನೇರ ದಾರಿ ಕೊಟ್ಟರು. ಹೆಸರು ಮಾತ್ರ 'ಫ್ರಾಂಕ್ಲಿನ್ ಒಲೆ' ಎಂದು ಉಳಿಯಿತು.

1748ರಲ್ಲಿ, 42ನೇ ವಯಸ್ಸಿಗೆ, ಅಚ್ಚುಕೂಟವನ್ನು ಪಾಲುದಾರ ಡೇವಿಡ್ ಹಾಲ್‌ಗೆ ಹದಿನೆಂಟು ವರ್ಷದ ಒಪ್ಪಂದದ ಮೇಲೆ ಬಿಟ್ಟು ಸಾರ್ವಜನಿಕ ಕೆಲಸಕ್ಕೆ ಇಳಿದ. 1754ರಲ್ಲಿ ಆಲ್ಬನಿಯಲ್ಲಿ ಏಳು ವಸಾಹತುಗಳ ಪ್ರತಿನಿಧಿಗಳು ಸೇರಿದಾಗ ಅವನ ಒಕ್ಕೂಟ ಯೋಜನೆಯೇ ಅಂಗೀಕಾರವಾಯಿತು: ದೊರೆ ನೇಮಿಸುವ ಒಬ್ಬ ಮಹಾಧ್ಯಕ್ಷ, ವಸಾಹತುಗಳು ಆರಿಸುವ 48 ಜನರ ಮಂಡಳಿ, ರಕ್ಷಣೆಗೆ ಒಟ್ಟು ತೆರಿಗೆ. ಊರಿಗೆ ಮರಳಿದ ಮೇಲೆ ಒಂದು ಶಾಸನಸಭೆಯೂ ಒಪ್ಪಲಿಲ್ಲ. ವಸಾಹತಿನವರಿಗೆ ಅದರಲ್ಲಿ ದೊರೆಯ ಅಧಿಕಾರ ಹೆಚ್ಚಾಗಿ ಕಂಡಿತು, ಲಂಡನ್ನಿನವರಿಗೆ ಜನರ ಅಧಿಕಾರ ಹೆಚ್ಚಾಗಿ ಕಂಡಿತು. ಕರಾರಿನ ಎರಡು ಕಡೆಯವರಿಗೂ ಇನ್ನೂ ಭಯ ಹುಟ್ಟಿರಲಿಲ್ಲ. ಗಡುವಿಲ್ಲದ ಕರಾರಿಗೆ ಸಹಿ ಬೀಳುವುದಿಲ್ಲ.

ಮರುವರ್ಷ ಫ್ರೆಂಚರ ಮೇಲೆ ಹೊರಟ ಬ್ರಿಟಿಷ್ ಜನರಲ್ ಬ್ರಾಡಕ್‌ನ ಸೈನ್ಯಕ್ಕೆ ಗಾಡಿ ಸಿಗದೆ ದಂಡಯಾತ್ರೆಯೇ ನಿಲ್ಲುವಂತಾದಾಗ ಫ್ರಾಂಕ್ಲಿನ್ ಬರೆದ ಜಾಹೀರಾತು ನೋಡಬೇಕು. ನಾಲ್ಕು ಕುದುರೆ, ಚಾಲಕನ ಸಮೇತ ಒಂದು ಗಾಡಿಗೆ ದಿನಕ್ಕೆ 15 ಷಿಲ್ಲಿಂಗ್. ಜೀನು ಸಮೇತ ಹೇರು ಕುದುರೆಗೆ 2 ಷಿಲ್ಲಿಂಗ್, ಜೀನಿಲ್ಲದಿದ್ದರೆ 18 ಪೆನ್ಸ್. ಏಳು ದಿನದ ಬಾಡಿಗೆ ಮುಂಗಡ. ಎರಡೇ ವಾರದಲ್ಲಿ 150 ಗಾಡಿ, 259 ಹೇರು ಕುದುರೆ ಹೊರಟವು. ರೈತರು ಜನರಲ್‌ನನ್ನು ನಂಬಲಿಲ್ಲ, ಫ್ರಾಂಕ್ಲಿನ್‌ನ ಸ್ವಂತ ಮುಚ್ಚಳಿಕೆ ಕೇಳಿದರು; ಕೊಟ್ಟ. ಸೈನ್ಯ ಸೋತು ಗಾಡಿಗಳೆಲ್ಲ ಹಾಳಾದಾಗ ಸುಮಾರು 20,000 ಪೌಂಡಿನ ಹೊಣೆ ಅವನ ತಲೆಯ ಮೇಲೆ ತೂಗಿತು. ಸರ್ಕಾರ ಕೊನೆಗೆ ತೀರಿಸದೆ ಹೋಗಿದ್ದರೆ ಅವನು ದಿವಾಳಿಯಾಗುತ್ತಿದ್ದ.

1765ರ ಸ್ಟಾಂಪ್ ಕಾಯಿದೆ, ಅಂದರೆ ಬ್ರಿಟಿಷ್ ಸಂಸತ್ತು ವಸಾಹತುಗಳ ಕಾಗದಪತ್ರಗಳ ಮೇಲೆ ಹೇರಿದ ತೆರಿಗೆ; ಅದರ ವಿಷಯದಲ್ಲಿ ಅವನು ದೊಡ್ಡ ತಪ್ಪು ಮಾಡಿದ. ಆಗ ಲಂಡನ್ನಿನಲ್ಲಿ ಪೆನ್ಸಿಲ್ವೇನಿಯಾದ ಪ್ರತಿನಿಧಿಯಾಗಿದ್ದ. ಪತ್ರಿಕೆಯ ಅರ್ಧ ಹಾಳೆಗೆ ಅರ್ಧ ಪೆನ್ನಿ, ಪ್ರತಿ ಜಾಹೀರಾತಿಗೆ ಎರಡು ಷಿಲ್ಲಿಂಗ್. ಪಂಚಾಂಗಕ್ಕೂ ದಸ್ತಾವೇಜಿಗೂ ಮುದ್ರೆ. ಮುದ್ರಕನಾದ ಅವನಿಗೇ ಇದರ ಪೆಟ್ಟು ಮೊದಲು ತಿಳಿಯಬೇಕಿತ್ತು. ಕಾನೂನು ಬಂದಾಯಿತು, ಸಹಿಸೋಣ ಎಂದುಕೊಂಡು ಗೆಳೆಯ ಜಾನ್ ಹ್ಯೂಸ್‌ಗೆ ಸ್ಟಾಂಪ್ ಹಂಚುವ ಹುದ್ದೆ ಕೊಡಿಸಿದ. ಅಮೆರಿಕ ಹೊತ್ತಿ ಉರಿಯಿತು, ಫಿಲಡೆಲ್ಫಿಯಾದಲ್ಲಿ ಅವನ ಮನೆಯ ಮೇಲೆ ಗುಂಪು ಏರಿ ಬರುವ ಸುದ್ದಿ ಹಬ್ಬಿತು. ಹೆಂಡತಿ ಡೆಬೊರಾ ಮನೆ ಬಿಟ್ಟು ಕದಲದೆ ಬಂದೂಕು ತರಿಸಿಟ್ಟುಕೊಂಡು ಕೂತಳು.

1766ರ ಫೆಬ್ರವರಿ 13ರಂದು ಬ್ರಿಟಿಷ್ ಸಂಸತ್ತಿನ ಕೆಳಮನೆಯ ಎದುರು ನಿಂತು ಆ ತಪ್ಪನ್ನು ತೊಳೆದುಕೊಂಡ. ನೂರೆಪ್ಪತ್ತಕ್ಕೂ ಮಿಕ್ಕಿ ಪ್ರಶ್ನೆಗಳು. ಅವುಗಳಲ್ಲಿ ಕೆಲವು ಮೊದಲೇ ಗೆಳೆಯ ಸದಸ್ಯರ ಜೊತೆ ಮಾತಾಡಿಕೊಂಡವು. ಉಳಿದವು ವಿರೋಧಿಗಳ ಬಾಣಗಳು. ಸೈನ್ಯ ಕಳಿಸಿದರೆ? ಅಲ್ಲಿ ಅದಕ್ಕೆ ದಂಗೆ ಕಾಣಸಿಗದು, ಆದರೆ ದಂಗೆ ಎಬ್ಬಿಸಬಹುದು. ಉತ್ತರಗಳು ಚಿಕ್ಕವು, ಲೆಕ್ಕದವು. ಮುಂದಿನ ತಿಂಗಳೇ ಕಾಯಿದೆ ರದ್ದಾಯಿತು. ಆದರೆ ಒಳನಾಡಿನ ತೆರಿಗೆ ಬೇರೆ, ಬಂದರಿನ ಸುಂಕ ಬೇರೆ ಎಂದು ಅವನು ಮಾಡಿದ ಭೇದವನ್ನೇ ಹಿಡಿದು ಬ್ರಿಟನ್ನಿನ ಹಣಕಾಸು ಮಂತ್ರಿ ಟೌನ್‌ಷೆಂಡ್ 1767ರಲ್ಲಿ ಗಾಜು, ಸೀಸ, ಬಣ್ಣ, ಕಾಗದ, ಚಹಾಗಳ ಮೇಲೆ ಸುಂಕ ಹೇರಿದ. ಆ ಚಹಾ ಸುಂಕವೇ, 1773ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮಾರಾಟ ಹಕ್ಕಿನ ಜೊತೆ ಸೇರಿ, ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆಗಳನ್ನು ನೀರಿಗೆ ಹಾಕಿಸಿತು.

ಅದೇ ವರ್ಷ ಅವನು ಬರೆದ ಎರಡು ವಿಡಂಬನೆಗಳು ಅವನ ರಾಜಕೀಯ ಬರಹದ ತುದಿ. ಒಂದರಲ್ಲಿ ದೊಡ್ಡ ಸಾಮ್ರಾಜ್ಯವನ್ನು ಚಿಕ್ಕದು ಮಾಡಲು ಇಪ್ಪತ್ತು ನಿಯಮಗಳು, ಮಂತ್ರಿಗಳು ಆಗಲೇ ಪಾಲಿಸುತ್ತಿದ್ದವೇ. ಇನ್ನೊಂದು ಪ್ರಷ್ಯದ ದೊರೆಯ ಆಜ್ಞೆ: ಇಂಗ್ಲೆಂಡಿಗೆ ಮೊದಲು ವಲಸೆ ಬಂದವರು ಜರ್ಮನ್ನರು, ಆದ್ದರಿಂದ ಇಂಗ್ಲಿಷರು ನಮಗೆ ತೆರಿಗೆ ಕಟ್ಟತಕ್ಕದ್ದು. ಶ್ರೀಮಂತರೊಬ್ಬರ ಮನೆಯಲ್ಲಿ ಅವನಿದ್ದಾಗಲೇ ಒಬ್ಬ ಪತ್ರಿಕೆ ಹಿಡಿದು ಓಡಿಬಂದು, ಇದನ್ನು ನಿಜವೆಂದೇ ನಂಬಿ ಪ್ರಷ್ಯದ ದೊರೆಯನ್ನು ಬೈದನಂತೆ. 1774ರ ಜನವರಿ 29ರಂದು ರಾಜನ ಮಂತ್ರಾಲೋಚನಾ ಸಭೆಯ ಮುಂದೆ ವೆಡರ್‌ಬರ್ನ್ ಎಂಬ ವಕೀಲ ಮ್ಯಾಸಚೂಸೆಟ್ಸ್ ರಾಜ್ಯಪಾಲನ ಖಾಸಗಿ ಪತ್ರಗಳನ್ನು ಬಾಸ್ಟನ್ನಿಗೆ ಕಳಿಸಿದ್ದಕ್ಕಾಗಿ ಅವನನ್ನು ಪತ್ರಗಳ್ಳ ಎಂದು ಜಾಲಾಡಿದ. ಫ್ರಾಂಕ್ಲಿನ್ ತುಟಿ ಬಿಚ್ಚದೆ ನಿಂತ. ಎರಡು ದಿನದೊಳಗೆ ವಸಾಹತುಗಳ ಅಂಚೆ ಇಲಾಖೆಯಲ್ಲಿ ಅವನಿಗಿದ್ದ ಹುದ್ದೆಯೂ ಹೋಯಿತು.

ಮುಂದಿನದನ್ನು ಬೇಗ ಹೇಳುತ್ತೇನೆ, ಎಲ್ಲರಿಗೂ ಗೊತ್ತಿರುವುದು: 1776ರ ಸ್ವಾತಂತ್ರ್ಯ ಘೋಷಣೆಯ ಐವರ ಸಮಿತಿ, ಎಪ್ಪತ್ತರ ವಯಸ್ಸಿನಲ್ಲಿ ಫ್ರಾನ್ಸ್, 1778ರ ಫೆಬ್ರವರಿ 6ರ ಮೈತ್ರಿ ಒಪ್ಪಂದ. ನಮಗೆ ಕುತೂಹಲದ ಒಂದು ಕೊಂಡಿ ಇಲ್ಲಿದೆ. ಅದೇ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಮೈಸೂರಿನ ಹೈದರ್ ಅಲಿ ಸೆಣಸುತ್ತಿದ್ದ ಸುದ್ದಿ ಫಿಲಡೆಲ್ಫಿಯಾ ತಲುಪಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ 'ಹೈದರ್ ಅಲಿ' ಎಂದೇ ಹೆಸರಿಟ್ಟರು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಅದು 'ಜನರಲ್ ಮಂಕ್' ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು.

1778ರ ಒಪ್ಪಂದದಲ್ಲಿ ಒಂದು ಷರತ್ತಿತ್ತು: ಒಬ್ಬರನ್ನು ಬಿಟ್ಟು ಇನ್ನೊಬ್ಬರು ಬ್ರಿಟನ್ನಿನೊಡನೆ ಸಂಧಿ ಮಾಡಿಕೊಳ್ಳುವಂತಿಲ್ಲ. 1782ರ ನವೆಂಬರ್ 30ರಂದು ಅಮೆರಿಕದ ಪ್ರತಿನಿಧಿಗಳಾದ ಫ್ರಾಂಕ್ಲಿನ್, ಆಡಮ್ಸ್, ಜೇ, ಲಾರೆನ್ಸ್ ನಾಲ್ವರೂ ಫ್ರಾನ್ಸಿನ ಮಂತ್ರಿ ವೆರ್ಜೆನ್‌ಗೆ ಷರತ್ತುಗಳನ್ನು ಮೊದಲೇ ತೋರಿಸದೆ ಪ್ರಾಥಮಿಕ ಸಂಧಿಗೆ ಸಹಿ ಹಾಕಿದರು. ಕರಾರುಗಾರನೇ ಕರಾರಿನ ಆಶಯ ಮೀರಿದ. ವೆರ್ಜೆನ್ ಸಿಟ್ಟಾದಾಗ ಫ್ರಾಂಕ್ಲಿನ್ ಬರೆದ ಉತ್ತರ ರಾಜತಾಂತ್ರಿಕರು ಇಂದಿಗೂ ಓದತಕ್ಕದ್ದು: ಆದದ್ದು ಶಿಷ್ಟಾಚಾರದ ಲೋಪ ಮಾತ್ರ, ನಮ್ಮಿಬ್ಬರನ್ನು ಆಗಲೇ ಬೇರೆ ಮಾಡಿದೆವೆಂದು ಇಂಗ್ಲಿಷರು ಹಿಗ್ಗುತ್ತಿದ್ದಾರೆಂದು ಕೇಳಿದ್ದೇನೆ, ಈ ಸಣ್ಣ ಮನಸ್ತಾಪ ಗುಟ್ಟಾಗಿಯೇ ಉಳಿದರೆ ಅವರ ಲೆಕ್ಕ ತಪ್ಪುತ್ತದೆ. ಕ್ಷಮೆ, ಎಚ್ಚರಿಕೆ ಎರಡೂ ಒಂದೇ ಕಾಗದದಲ್ಲಿ. ಮೇಲಾಗಿ ಅದೇ ಹೊತ್ತಿನಲ್ಲಿ ಕೇಳಿದ್ದ ಸಾಲದಲ್ಲಿ 60 ಲಕ್ಷ ಫ್ರೆಂಚ್ ಲಿವ್ರ್ ಸಿಕ್ಕಿತು.

1787ರ ಸಂವಿಧಾನ ಸಭೆಯಲ್ಲಿ 81 ವರ್ಷದ ಫ್ರಾಂಕ್ಲಿನ್ ಎಲ್ಲರಿಗಿಂತ ಹಿರಿಯ. ಆಡಳಿತದ ಮುಖ್ಯಸ್ಥರಿಗೆ ಸಂಬಳ ಬೇಡ ಎಂದ; ಗೌರವದಿಂದ ಕೇಳಿ ಬದಿಗಿಟ್ಟರು. ಅವನ ನಿಜವಾದ ಕೊಡುಗೆ ಕೊನೆಯ ದಿನದ್ದು. ಮೂವರು ಸಹಿ ಹಾಕಲು ಒಪ್ಪುತ್ತಿರಲಿಲ್ಲ. 'ಹಾಜರಿರುವ ರಾಜ್ಯಗಳ ಒಮ್ಮತದಿಂದ ಆದದ್ದು' ಎಂಬ ಒಕ್ಕಣೆಯನ್ನು ಅವನು ಸೂಚಿಸಿದ. ಪ್ರತಿನಿಧಿ ತಾನು ಒಪ್ಪದಿದ್ದರೂ ತನ್ನ ರಾಜ್ಯ ಒಪ್ಪಿತು ಎಂಬುದಕ್ಕೆ ಸಾಕ್ಷಿಯಾಗಿ ಸಹಿ ಹಾಕಬಹುದಿತ್ತು. ಆ ಮೂವರು ಆದರೂ ಜಗ್ಗಲಿಲ್ಲ, ಆದರೆ ಕಾಗದದ ಮೇಲೆ ಒಮ್ಮತ ನಿಂತಿತು.

ತನ್ನ ಜೊತೆಗೇ ಮಾಡಿಕೊಂಡ ಕರಾರಿನ ಮಾತು. ಹದಿಮೂರು ಗುಣಗಳು, ಒಂದೊಂದಕ್ಕೆ ಒಂದು ವಾರದ ವಿಶೇಷ ನಿಗಾ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು. ಪುಟದಲ್ಲಿ ಏಳು ದಿನಕ್ಕೆ ಏಳು ಅಂಕಣ, ಹದಿಮೂರು ಸಾಲು, ತಪ್ಪಿದಲ್ಲಿ ಕಪ್ಪು ಚುಕ್ಕೆ. ಅಳಿಸಿ ಅಳಿಸಿ ಕಾಗದ ತೂತಾಯಿತು, ದಂತದ ಹಾಳೆಗಳ ಮೇಲೆ ಗೀಟೆಳೆದು ಸೀಸದಕಡ್ಡಿ ಬಳಸಿದ. ವಸ್ತುಗಳಿಗೆ ಜಾಗ, ಕೆಲಸಕ್ಕೆ ವೇಳೆ ಎಂಬ 'ಅಚ್ಚುಕಟ್ಟು' ಮಾತ್ರ ಕೊನೆಯವರೆಗೂ ಒಗ್ಗಲಿಲ್ಲ. ಹದಿಮೂರನೆಯ 'ವಿನಯ'ವನ್ನು ಗೆಳೆಯನೊಬ್ಬನ ಮಾತಿನ ಮೇಲೆ ಸೇರಿಸಿದ್ದು. ಅದರ ತೋರಿಕೆ ಸಾಧಿಸಿತು, ನಿಜ ಸಾಧಿಸಿತು ಅನ್ನಲಾರೆ ಎಂದು ಅವನೇ ಒಪ್ಪಿಕೊಂಡ.

ಲೆಕ್ಕದ ಪುಸ್ತಕ ಕುರುಡಾದ ಜಾಗ ಗುಲಾಮಗಿರಿ. ಅವನ ಮನೆಯಲ್ಲೇ ಗುಲಾಮರಿದ್ದರು. ಅವನ ಗೆಜೆಟ್‌ನಲ್ಲಿ ಗುಲಾಮರ ಮಾರಾಟದ, ಓಡಿಹೋದವರನ್ನು ಹಿಡಿದುಕೊಡುವ ಜಾಹೀರಾತುಗಳು ಅಚ್ಚಾದವು. ಗುಲಾಮಗಿರಿ ವಿರೋಧಿಸಿದ, ಕ್ವೇಕರ್ ಎಂಬ ಕ್ರೈಸ್ತ ಪಂಥದವರ ಹೊತ್ತಗೆಗಳೂ ಅದೇ ಅಚ್ಚುಕೂಟದಿಂದ ಬಂದವು. 1751ರ ಪ್ರಬಂಧದಲ್ಲಿ ಗುಲಾಮನನ್ನು ಕೊಳ್ಳುವ ಬೆಲೆ, ಅದರ ಬಡ್ಡಿ, ಊಟ ಬಟ್ಟೆ, ಕಾಯಿಲೆ, ಮೇಲ್ವಿಚಾರಕನ ಖರ್ಚು ಎಲ್ಲ ಕೂಡಿಸಿ, ಇಂಗ್ಲೆಂಡಿನ ಕೂಲಿಗಿಂತ ಇದು ದುಬಾರಿ ಎಂದು ಸಾಧಿಸಿದ. ಅಷ್ಟುದ್ದದ ಲೆಕ್ಕದಲ್ಲಿ ಅನ್ಯಾಯ ಎಂಬ ಕಂತಿಗೆ ಜಾಗವಿರಲಿಲ್ಲ. 1763ರಲ್ಲಿ ಕಪ್ಪು ಮಕ್ಕಳ ಶಾಲೆಗೆ ಹೋಗಿ, ಅವರ ಗ್ರಹಿಕೆ ನೆನಪು ಬೇರೆ ಮಕ್ಕಳಿಗೆ ಎಲ್ಲ ರೀತಿಯಲ್ಲೂ ಸಮ ಎಂದು ಕಂಡು, ತನ್ನ ಹಳೆಯ ಪೂರ್ವಗ್ರಹಕ್ಕೆ ಸಮರ್ಥನೆ ಕೊಡಲಾರೆ ಎಂದು ಪತ್ರ ಬರೆದ. 1787ರಲ್ಲಿ ಪೆನ್ಸಿಲ್ವೇನಿಯಾದ ಗುಲಾಮಗಿರಿ ನಿರ್ಮೂಲನ ಸಂಘದ ಅಧ್ಯಕ್ಷನಾದ. ಆದರೆ ಸಂಘ ಕೊಟ್ಟ ಮನವಿಯನ್ನು ಸಂವಿಧಾನ ಸಭೆಯ ಮುಂದೆ ಇಡಲಿಲ್ಲ. ಗುಲಾಮ ವ್ಯಾಪಾರವನ್ನು 1808ರವರೆಗೆ ನಿಷೇಧಿಸುವಂತಿಲ್ಲ ಎಂಬ ಕಲಮಿದ್ದ ಸಂವಿಧಾನಕ್ಕೆ ಸಹಿ ಹಾಕಿದ. 1789ರಲ್ಲಿ ಬಿಡುಗಡೆಯಾದವರಿಗಾಗಿ 24 ಜನರ ಸಮಿತಿ, ಅದರಡಿ ನಾಲ್ಕು ಉಪಸಮಿತಿ: ನಡವಳಿಕೆಯ ನಿಗಾ, ಮಕ್ಕಳ ಪಾಲನೆ, ಶಿಕ್ಷಣ, ಉದ್ಯೋಗ. ಬಿಡುಗಡೆ ಮಾಡಿ ಕೈತೊಳೆದುಕೊಂಡರೆ ಆಗದು ಎಂಬುದು ಅವನಿಗೆ ತಿಳಿದಿತ್ತು. ಉಯಿಲಿನಲ್ಲಿ ಅಳಿಯನ ಎರಡು ಸಾವಿರ ಪೌಂಡಿಗೂ ಮಿಕ್ಕ ಸಾಲ ಮನ್ನಾ ಮಾಡುವಾಗ, ಅಳಿಯ ತನ್ನ ಗುಲಾಮ ಬಾಬ್‌ನನ್ನು ಕೂಡಲೇ ಬಿಡುಗಡೆ ಮಾಡಬೇಕೆಂದು ಬರೆಸಿದ. ಗುಲಾಮಗಿರಿ ಕೊನೆಗಾಣಿಸಿ ಎಂದು ಸಂಘ ಕೊಟ್ಟ 1790ರ ಫೆಬ್ರವರಿ 3ರ ಮನವಿಗೆ ಅವನ ಸಹಿಯಿದೆ, ಕಾಂಗ್ರೆಸ್ ಒಪ್ಪಲಿಲ್ಲ. ಜಾರ್ಜಿಯಾದ ಸದಸ್ಯ ಜಾಕ್ಸನ್ ಗುಲಾಮಗಿರಿಯನ್ನು ಸಮರ್ಥಿಸಿ ಮಾಡಿದ ಭಾಷಣವನ್ನು ಫ್ರಾಂಕ್ಲಿನ್ ಮಾರ್ಚ್ 23ರಂದು ಆಲ್ಜಿಯರ್ಸ್‌ನ ಒಬ್ಬ ಕಲ್ಪಿತ ಮಂತ್ರಿಯ ಬಾಯಲ್ಲಿ, ಕ್ರೈಸ್ತ ಗುಲಾಮರನ್ನು ಏಕೆ ಬಿಡಬಾರದು ಎಂಬ ವಾದವಾಗಿ ತಿರುಗಿಸಿ ಬರೆದ. ಏಪ್ರಿಲ್ 17ರಂದು ತೀರಿಕೊಂಡ.

ಉಳಿದದ್ದು ಉಯಿಲಿನ ಅನುಬಂಧ. ಪೆನ್ಸಿಲ್ವೇನಿಯಾದ ಅಧ್ಯಕ್ಷನಾಗಿ ಮೂರು ವರ್ಷ ಬಂದ ಸಂಬಳದಿಂದ ಬಾಸ್ಟನ್‌ಗೂ ಫಿಲಡೆಲ್ಫಿಯಾಕ್ಕೂ ತಲಾ 1,000 ಪೌಂಡ್. ಸಾರ್ವಜನಿಕ ಹುದ್ದೆಗೆ ಸಂಬಳ ಸಲ್ಲದು ಎಂಬ ಮಾತನ್ನು ಹೀಗೆ ಉಳಿಸಿಕೊಂಡ. ಆ ಹಣ 25 ದಾಟದ, ಮದುವೆಯಾದ, ಆ ಊರಲ್ಲೇ ಕಸುಬು ಕಲಿತು ಮುಗಿಸಿದ ಕುಶಲಕರ್ಮಿಗಳಿಗೆ ಸಾಲವಾಗಬೇಕು. ಇಬ್ಬರ ಜಾಮೀನು, ಶೇಕಡಾ 5 ಬಡ್ಡಿ, 15ರಿಂದ 60 ಪೌಂಡ್, ವರ್ಷಕ್ಕೆ ಹತ್ತನೇ ಒಂದು ಭಾಗ ಅಸಲಿನ ಮರುಪಾವತಿ. ನೂರು ವರ್ಷಕ್ಕೆ ಅದು 1,31,000 ಪೌಂಡ್ ಆಗುತ್ತದೆ. 1,00,000 ತೆಗೆದು ಊರಿನ ಕೆಲಸಕ್ಕೆ ಹಾಕಿ, 31,000ವನ್ನು ಇನ್ನೂ ನೂರು ವರ್ಷ ದುಡಿಸಿದರೆ 40,61,000 ಪೌಂಡ್. ಚಕ್ರಬಡ್ಡಿಯ ಲೆಕ್ಕ ಸರಿಯಾಗಿಯೇ ಇತ್ತು. ತಪ್ಪಿದ್ದು ಸಾಲಗಾರರ ವಿಷಯದಲ್ಲಿ. ಎಲ್ಲರೂ ಕಾಲಕ್ಕೆ ಸರಿಯಾಗಿ ಕಟ್ಟುತ್ತಾರೆ, ಪೆಟ್ಟಿಗೆಯಲ್ಲಿ ಹಣ ಒಂದು ದಿನವೂ ಸುಮ್ಮನೆ ಕೂರುವುದಿಲ್ಲ ಎಂದು ಅವನ ಎಣಿಕೆ. ಕೆಲವರು ಕಟ್ಟಲಿಲ್ಲ, ಜಾಮೀನಿಗೆ ಜನ ಸಿಗಲಿಲ್ಲ, ಕಾರ್ಖಾನೆಗಳು ಬಂದು ಗುರುವಿನ ಬಳಿ ಕಸುಬು ಕಲಿಯುವ ಪದ್ಧತಿಯೇ ಕರಗಿತು, 60 ಪೌಂಡಿನಲ್ಲಿ ಅಂಗಡಿ ಹಾಕುವ ಕಾಲವೂ ಹೋಯಿತು. ಬಾಸ್ಟನ್ನಿನವರು ಹತ್ತೊಂಬತ್ತನೆಯ ಶತಮಾನದಲ್ಲೇ ಹಣವನ್ನು ವಿಮಾ ಕಂಪನಿಯೊಂದರಲ್ಲಿ ಹೂಡಿ ಬೆಳೆಸಿದರು, ಉಯಿಲಿನ ಉದ್ದೇಶವನ್ನು ಸಡಿಲಿಸಿದರು. ಮೊದಲ ನೂರು ವರ್ಷದ ಪಾಲಿನಲ್ಲಿ ಕಸುಬು ಕಲಿಸುವ ಶಾಲೆ ಕಟ್ಟಿ 1908ರಲ್ಲಿ ತೆರೆದರು. ಫಿಲಡೆಲ್ಫಿಯಾ ಸಾಲ ಕೊಡುವುದಕ್ಕೇ ಅಂಟಿಕೊಂಡು ಹಿಂದೆ ಬಿತ್ತು. ಇನ್ನೂರು ವರ್ಷ ತುಂಬಿದ 1990ರ ಹೊತ್ತಿಗೆ ಬಾಸ್ಟನ್ನಿನ ಗಂಟು ಸುಮಾರು 50 ಲಕ್ಷ ಡಾಲರ್, ಫಿಲಡೆಲ್ಫಿಯಾದ್ದು ಸುಮಾರು 20 ಲಕ್ಷ.